ಒಂದೇ ಬಣ್ಣದ ಎರಡು ಹಗ್ಗ

ತಾರೀಖು ಹದಿನಾಲ್ಕು, ಗುರುವಾರ

ನನ್ನ ಅಳಿಲುಮರಿಗೆ ನಿನ್ನ ಅಜ್ಜಿ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಇದ್ದೇವೆ. ಕ್ಷೇಮ ಎಂದು ಬರೆಯುವುದು ರೂಢಿ, ಆದರೆ ಸುಳ್ಳು ಬರೆಯಲು ಶಾಯಿ ಯಾಕೆ ಖರ್ಚು ಮಾಡಲಿ? ಕಾಗದ ತಡವಾಯಿತು, ಬೈಯಬೇಡ. ಕನ್ನಡಕದ ಕಾಲು ಮುರಿದಿತ್ತು. ತಂತಿ ಸುತ್ತಿ ಸರಿ ಮಾಡಿಕೊಡುತ್ತೇನೆ ಎಂದು ತೆಗೆದುಕೊಂಡು ಹೋದ ನಿನ್ನ ಚಿಕ್ಕಪ್ಪ ವಾರಗಟ್ಟಲೆ ತಿರುಗಿ ಕೊಡಲಿಲ್ಲ. ನಾನು ನಿನಗೆ ಬರೆಯಬಾರದೆಂದೇ ಇಟ್ಟುಕೊಂಡಿದ್ದನೋ ಏನೋ, ನನಗಂತೂ ಅನುಮಾನ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ ಇದು. ಓದಲು ಬಾರದ ಕಡೆ ನನ್ನ ಬೈಗುಳದ ದನಿ ನೆನೆಸಿಕೋ, ತಾನಾಗಿ ತಿಳಿಯುತ್ತದೆ.

ಮೊನ್ನೆ ಕೊಂಬೆ ಸಾಗಿಸುವ ಲಾರಿಯವನು ಬಂದಿದ್ದ. ನೀನು ಕೆಲಸ ಮಾಡುವ ಕಡೆಗೂ ಹೋಗಿ ಬರುತ್ತಾನಂತೆ. ಬಾಗಿಲಲ್ಲಿ ನಿಂತೇ ಶುರು ಮಾಡಿದ: "ಅಜ್ಜಿ, ನಿಮ್ಮ ಮೊಮ್ಮಗಳು ಭಾರೀ ಗಟ್ಟಿಗಿತ್ತಿ ಬಿಡಿ. ಗಂಡಸರು ಹಿಂದೇಟು ಹಾಕೋ ಮರ ಅಂದ್ರೆ ಇವಳೇ ಮುಂದೆ. ಬೆಲ್ಟ್ ಇರುತ್ತೆ, ಆದ್ರೆ ಹಗ್ಗಕ್ಕೆ ಕ್ಲಿಪ್ಪೇ ಹಾಕಲ್ಲ. ಬರೀ ಕಾಲ ಮೇಲೆ ನಿಂತು ಕೊಯ್ತಾಳೆ!" ಹೊಗಳುತ್ತಿದ್ದೇನೆ ಎಂದುಕೊಂಡಿದ್ದ, ಪೆದ್ದ. "ಬ್ರೇಕ್ ಕಿತ್ತು ಹಾಕಿ ಲಾರಿ ಓಡಿಸು, ನಿನ್ನನ್ನೂ ಗಟ್ಟಿಗ ಅಂತೀನಿ" ಎಂದೆ. ಕೊಟ್ಟ ನೀರನ್ನೂ ಪೂರ್ತಿ ಕುಡಿಯದೆ ಹೋದ.

ಅವನು ಹೇಳಿದ್ದು ನಿಜವೇ? ಇಲ್ಲ ಎಂದು ಬರೆದರೆ ನಾನು ನಂಬುವುದಿಲ್ಲ. ಅವತ್ತಿನಿಂದ ಹೊರಗೆ ಗಾಡಿ ನಿಂತ ಸದ್ದಾದರೆ ಸಾಕು, ನಿನ್ನ ಸುದ್ದಿ ಹೊತ್ತು ಯಾರೋ ಬಂದರು ಎಂದು ಕೈಯಲ್ಲಿದ್ದದ್ದು ಬಿಟ್ಟು ಬಾಗಿಲಿಗೆ ಓಡುತ್ತೇನೆ.

ನಾನು ಮರ ಹತ್ತಿದವಳಲ್ಲ. ಆದರೆ ಹತ್ತುವವರ ಬಟ್ಟೆ ಒಗೆದು, ಹಗ್ಗ ತೊಳೆದು, ಗಾಯಕ್ಕೆ ಬಟ್ಟೆ ಕಟ್ಟಿಯೇ ಮುದುಕಿಯಾದವಳು. ಹೇಳುತ್ತೇನೆ ಕೇಳು. ನಿನ್ನ ಮೇಸ್ತ್ರಿಯನ್ನು ನಂಬಬೇಡ. ಅವನು ಒಳ್ಳೆಯವನೇ ಇರಬಹುದು, ಆದರೆ ನೆಲದ ಮೇಲೆ ನಿಂತು "ಏನೂ ಆಗಲ್ಲ, ಹತ್ತು" ಅನ್ನುವವರು ಯಾರಾದರೂ ನನಗೆ ಅನುಮಾನವೇ. ಅವನು ಕೊಟ್ಟ ಹಗ್ಗವನ್ನು ಕಣ್ಣು ಮುಚ್ಚಿಕೊಂಡು ಈ ತುದಿಯಿಂದ ಆ ತುದಿಗೆ ಬೆರಳಲ್ಲಿ ತಡವು. ನಡುವೆ ಎಲ್ಲಾದರೂ ಮೆತ್ತಗಾಗಿದ್ದರೆ, ಕಲ್ಲಿನಂತೆ ಬಿರುಸಾಗಿದ್ದರೆ, ಕರಗಿ ನುಣ್ಣಗಾಗಿದ್ದರೆ ಅದು ಸತ್ತ ಹಗ್ಗ. ಅದನ್ನು ಮೂಲೆಗೆ ಎಸೆದರೆ ಸಾಲದು, ಮಾರುದ್ದದ ತುಂಡುಗಳಾಗಿ ಕತ್ತರಿಸು. ಇಲ್ಲವಾದರೆ ಯಾವನೋ ಜಿಪುಣ ಅದನ್ನೇ ಸುತ್ತಿ ಹೊಸದರ ಪಕ್ಕ ಇಡುತ್ತಾನೆ. ಪೆಟ್ರೋಲ್ ಡಬ್ಬದ ಹತ್ತಿರ ಹಗ್ಗ ಇಡಬೇಡ. ತೊಳೆಯುವುದು ಬರೀ ನೀರಿನಲ್ಲಿ, ಒಣಗಿಸುವುದು ನೆರಳಲ್ಲಿ.

ಆ ಗರಗಸದ ಮಿಷನ್ನಂತೂ ನನಗೆ ಕಂಡರಾಗದು. ಸಿಪ್ಪೆ ಸಿಪ್ಪೆಯಾಗಿ ಉದುರಿದರೆ ಹಲ್ಲು ಹರಿತವಾಗಿದೆ ಎಂದು ತಿಳಿ. ಹಿಟ್ಟಿನ ಹಾಗೆ ಪುಡಿ ಬಂದರೆ ಮೊಂಡಾಗಿದೆ, ಆಗ ಬಲ ಹಾಕಿ ಒತ್ತಬೇಡ, ನಿಲ್ಲಿಸಿ ಅರ ಹಾಕು. ಅದರ ಮೂತಿ ಯಾವ ಕೊಂಬೆಗೂ ತಗುಲಬಾರದು, ತಗುಲಿದರೆ ಕತ್ತೆಯ ಹಾಗೆ ಮುಖಕ್ಕೇ ಒದೆಯುತ್ತದೆ. ಒಂದು ಕೈಯಲ್ಲಿ ಹಿಡಿದು ಕೊಯ್ಯುವ ಶೋಕಿ ಬೇಡ. ಭುಜಕ್ಕಿಂತ ಮೇಲೆ ಎತ್ತಬೇಡ. ಕಾಲು ಸರಿಸುವುದಿದ್ದರೂ ಮೊದಲು ಮಿಷನ್ನಿನ ಬ್ರೇಕ್ ಹಾಕು. ಬಿಸಿ ಇಂಜಿನ್ನಿಗೆ ಪೆಟ್ರೋಲ್ ಹುಯ್ದವನೊಬ್ಬನ ಹುಬ್ಬು ಇವತ್ತಿಗೂ ಹುಟ್ಟಿಲ್ಲ, ಅವನನ್ನು ನೋಡಿ ನಗುತ್ತಿದ್ದೆಯಲ್ಲ, ನೆನಪಿದೆಯೇ? ಕರೆಂಟ್ ತಂತಿ ಇದ್ದ ಕಡೆ "ಲೈನ್ ಆಫ್ ಮಾಡಿಸಿದೀವಿ" ಎಂಬ ಮಾತಿಗೆ ತಲೆಯಾಡಿಸಬೇಡ, ಆಫ್ ಮಾಡಿದವನನ್ನೇ ಕರೆಸಿ ಕೇಳು.

ಕೊಯ್ಯುವಾಗ ಎರಡು ಕಟ್ಟು ಇರಲೇಬೇಕು. ಬುಡಕ್ಕೆ ಕಟ್ಟಿ, ಮೇಲಿನ ಕವಲಿನ ಮೇಲೆ ಹಾಯಿಸಿ ಬೆಲ್ಟಿಗೆ ತರುವ ಜೀವದ ಹಗ್ಗ ಒಂದು, ಸೊಂಟದಿಂದ ಕಾಂಡಕ್ಕೆ ಬಳಸುವ ಪಟ್ಟಿ ಇನ್ನೊಂದು. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ನಿನ್ನಪ್ಪ ಮರದಿಂದ ಬಿದ್ದ ದಿನ ಕೊಂಬೆ ಬದಲಿಸಲು ಪಟ್ಟಿ ಬಿಚ್ಚಿದ್ದನಂತೆ. ಒಂದು ಗಳಿಗೆಯ ಮಾತು.

ನಿನ್ನಪ್ಪನ ವಿಷಯ ನೀನು ಕೇಳುವುದೇ ಇಲ್ಲ. ಕೇಳದಿದ್ದರೂ ಹೇಳುತ್ತೇನೆ. ಈಗ ಊರುಗೋಲು ಹಿಡಿದು ಬಚ್ಚಲಿನ ತನಕ ಹೋಗುತ್ತಾನೆ. ಎಡಗಾಲು ಎಳೆಯುತ್ತದೆ. ಊಟ ರುಚಿಯಿಲ್ಲ ಎಂದು ನನ್ನ ಮೇಲೆ ರೇಗುತ್ತಾನೆ, ಆದ್ದರಿಂದ ಗುಣವಾಗುತ್ತಿದ್ದಾನೆ ಎಂದೇ ಲೆಕ್ಕ. ಹೇಗೆ ಬಿದ್ದೆಯೋ ಎಂದು ಯಾರು ಕೇಳಲಿ, ಒಂದೇ ಉತ್ತರ: "ಗಂಟು ಜಾರಿತು."

ನಾನು ಅದನ್ನು ಒಂದು ದಿನವೂ ನಂಬಲಿಲ್ಲ. ಯಾಕೆ ಗೊತ್ತೇ? ಆಸ್ಪತ್ರೆಯಿಂದ ನೀನು ಹಗ್ಗದ ಚೀಲ ತಂದು ಜಗಲಿಯ ಮೇಲೆ ಹಾಕಿ, ಮುಖವನ್ನೂ ತೊಳೆಯದೆ ಗೋಡೆಗೆ ಒರಗಿ ಕೂತೆಯಲ್ಲ, ಮರುದಿನ ಅದನ್ನು ತೊಳೆಯಲು ತೆಗೆದವಳು ನಾನು. ಅವನ ಬೆಲ್ಟಿಗೆ ಕಟ್ಟಿದ್ದ ಗಂಟು ಹಾಗೇ ಇತ್ತು! ಎಷ್ಟು ಬಿಗಿಯೆಂದರೆ ದಬ್ಬಳ ಹಾಕಿ ಬಿಚ್ಚಬೇಕಾಯಿತು. ಜಾರಿದ ಗಂಟು ಹಾಗಿರುತ್ತದೆಯೇ? ಹಗ್ಗದ ಇನ್ನೊಂದು ತುದಿ, ಮರದ ಬುಡಕ್ಕೆ ಕಟ್ಟುವ ತುದಿ, ಹರಿದಿರಲಿಲ್ಲ, ಸವೆದಿರಲಿಲ್ಲ. ಅಂದರೆ ಅದನ್ನು ಯಾರೋ ಕೈಯಾರೆ ಬಿಚ್ಚಿದ್ದರು.

ಅದೇ ಚೀಲದಲ್ಲಿ ಕೊಂಬೆ ಇಳಿಸುವ ಹಗ್ಗವೂ ಇತ್ತು. ಅದನ್ನೂ ಬುಡಕ್ಕೇ ಸುತ್ತುತ್ತಾರಲ್ಲ. ಎರಡೂ ಒಂದೇ ನೀಲಿ, ಒಂದೇ ದಪ್ಪ. ಪಕ್ಕಪಕ್ಕ ಇಟ್ಟರೆ ಹೆತ್ತವಳಿಗೂ ಗುರುತು ಸಿಗದ ಅವಳಿಗಳು. ಕೊಂಬೆ ಇಳಿಸಲು ಹೋದವರು ಮನುಷ್ಯನ ಹಗ್ಗ ಬಿಚ್ಚಿದ್ದಾರೆ ಎಂದು ನನಗೆ ಅಲ್ಲೇ ಹೊಳೆಯಿತು. ನನ್ನ ಅನುಮಾನವೆಲ್ಲ ನಿನ್ನ ಚಿಕ್ಕಪ್ಪನ ಮೇಲೆ. ಎಲ್ಲದಕ್ಕೂ ಅವಸರದವನು, ಊಟದ ಮಧ್ಯೆ ಎದ್ದು ಹೋಗುವವನು. ಅಣ್ಣ ತಮ್ಮನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೆ. ಇಷ್ಟು ದಿನ ಆ ಮಗನಿಗೆ ಅನ್ನ ಬಡಿಸುವಾಗಲೆಲ್ಲ ಅವನ ಕೈಗಳನ್ನೇ ನೋಡುತ್ತಿದ್ದೆ.

ಭಾನುವಾರ ಇಬ್ಬರೂ ಮನೆಯಲ್ಲಿದ್ದಾಗ ಎರಡೂ ಹಗ್ಗ ತಂದು ಚಿಕ್ಕವನ ತಟ್ಟೆಯ ಪಕ್ಕ ಹಾಕಿದೆ.

"ಯಾವುದು ಕೊಂಬೇದು, ಯಾವುದು ನಿಮ್ಮಣ್ಣಂದು, ಹೇಳೋ."

"ಇದೆಲ್ಲ ಈಗ್ಯಾಕಮ್ಮ? ಊಟ ಮಾಡೋಕೆ ಬಿಡು."

"ಅವತ್ತು ಬಿಚ್ಚುವಾಗಲೂ ಹೀಗೇ ಗೊತ್ತಾಗಲಿಲ್ಲವೇನೋ?"

ಅವನ ಮುಖ ಕೆಂಪಾಯಿತು. "ಅಮ್ಮಾ, ನಾನು ರಸ್ತೇಲಿ ಹೋಗೋ ಬರೋ ಗಾಡಿ ತಡೀತಿದ್ದೆ. ಬುಡದ ಹತ್ರ ನಾನಿರ್ಲೇ ಇಲ್ಲ. ಬೇಕಾದ್ರೆ ಅಣ್ಣನ್ನೇ ಕೇಳು."

"ಮತ್ತೆ ಯಾರಿದ್ರು?"

ಅವನು ಅಣ್ಣನ ಮುಖ ನೋಡಿದ. ನಿನ್ನಪ್ಪ ಊರುಗೋಲನ್ನು ನೆಲಕ್ಕೆ ಕುಟ್ಟಿ, "ಗಂಟು ಜಾರಿತು ಅಂದ್ನಲ್ಲಮ್ಮ! ಇನ್ನೆಷ್ಟು ಸಲ ಹೇಳ್ಲಿ? ತೆಗಿ ಆ ಹಗ್ಗಾನ" ಎಂದು ಕಿರುಚಿದ. ಚಿಕ್ಕವನು ತಟ್ಟೆ ಬಿಟ್ಟು ಎದ್ದು ಹೋದ. ಅಷ್ಟೇ ನಡೆದದ್ದು.

ನೀನು ಮಾತ್ರ ಒಂದು ಮಾಡು. ನಿನ್ನ ಜೀವದ ಹಗ್ಗಕ್ಕೆ ಬೇರೆ ಬಣ್ಣದ್ದನ್ನೇ ಕೇಳು. ಕೊಡದಿದ್ದರೆ ಹತ್ತಬೇಡ. ಎರಡನ್ನೂ ಒಂದೇ ಕಡೆ ಕಟ್ಟಲು ಬಿಡಬೇಡ. ಕೆಳಗಿರುವವರು ಹಗ್ಗ ಮುಟ್ಟುವ ಮೊದಲು ನಿನ್ನನ್ನು ಕೂಗಿ ಕೇಳಬೇಕು, ನೀನು ತಿರುಗಿ ಕೂಗಬೇಕು. ಸದ್ದಿದ್ದರೆ ಮಿಷನ್ ನಿಲ್ಲಿಸಿ ಕೇಳಲಿ.

ಹೊತ್ತಿಗೆ ಸರಿಯಾಗಿ ತಿನ್ನು. ಹೆಲ್ಮೆಟ್ಟಿನೊಳಗೆ ಕೂದಲು ಬಿಗಿಯಾಗಿ ಕಟ್ಟು. ನೂರು ವರ್ಷ ಬಾಳು, ನನ್ನಷ್ಟು ಮುದುಕಿಯಾಗು, ನನಗಿಂತ ಕೆಟ್ಟ ಬಾಯಿ ನಿನಗೆ ಬರಲಿ.

ಇಂತಿ,
ನಿನ್ನ ಬಾಯಿಬಡುಕಿ ಅಜ್ಜಿ

ಮತ್ತೆ: ಮೇಲೆ "ಅಷ್ಟೇ ನಡೆದದ್ದು" ಎಂದು ಬರೆದೆ. ಅಷ್ಟೇ ಅಲ್ಲ. ಕೂತುಕೊಂಡು ಓದು.

ಚಿಕ್ಕವನು ಹೋದ ಮೇಲೆ ನಿನ್ನಪ್ಪ ಅತ್ತ. "ಅವನನ್ನ ಬೈಬೇಡಮ್ಮ. ಬಿಚ್ಚಿದ್ದು ನನ್ನ ಮಗು. ಕೊಂಬೆ ಹಗ್ಗ ಅಂದ್ಕೊಂಡ್ಲು. ಮೇಲಿಂದ ಅವಳ ಕೈ ಕಾಣಿಸ್ತು, ಕೂಗ್ದೆ, ಕೊಂಬೆ ಪುಡಿ ಮಾಡೋ ಮಿಷನ್ ಸದ್ದಿಗೆ ಅವಳಿಗೆ ಕೇಳಿಸ್ಲಿಲ್ಲ. ಎರಡಕ್ಕೂ ಒಂದೇ ಸುತ್ತಿನ ಹಗ್ಗ ತಂದೋನು ನಾನು, ಅವಳೇನು ಮಾಡ್ತಾಳೆ? ಅವಳಿಗೆ ಗೊತ್ತಾಗಿಲ್ಲ. ಗೊತ್ತಾಗದ ಹಾಗೇ ಇರ್ಲಿ" ಎಂದ.

ಗೊತ್ತಾಗಿಲ್ಲವಂತೆ! ಮುಖ ತೊಳೆಯದೆ ಗೋಡೆಗೆ ಒರಗಿದ್ದವಳನ್ನು ನೋಡಿದವಳು ನಾನು. ನಿನಗೆ ಗೊತ್ತಿಲ್ಲವೆಂದು ಅವನು ಬಾಯಿ ಮುಚ್ಚಿಕೊಂಡಿದ್ದಾನೆ. ಅವನಿಗೆ ಗೊತ್ತಾದೀತೆಂದು ನೀನು ಮನೆ ಬಿಟ್ಟು ಹೋಗಿದ್ದೀಯೆ. ಈಗ ಕ್ಲಿಪ್ಪು ಹಾಕದೆ ಮರದ ತುದಿಯಲ್ಲಿ ನಿಂತು ಯಾರಿಗೆ ಲೆಕ್ಕ ತೀರಿಸುತ್ತಿದ್ದೀಯೆ ಮಗಳೇ? ಅವನು ಕೇಳಿದನೇ? ನಾನು ಕೇಳಿದೆನೇ?

ನನ್ನ ಮಗ ಬಿದ್ದೂ ಉಳಿದುಕೊಂಡ. ನೀನು ಬಿದ್ದರೆ ಅವನು ಉಳಿಯುವುದಿಲ್ಲ. ಬಾ, ಬಂದು ಅವನ ಮುಂದೆ ಕೂತು ನಿನ್ನ ಬಾಯಿಂದಲೇ ಹೇಳು. ಅಲ್ಲಿಯವರೆಗೆ ನೆಲದ ಮೇಲಿರು.