ಯಾರ ಉಂಗುರ ಯಾರ ಬೆರಳಲ್ಲಿ

ರಿಫಾನಾ ಮೋಳೆ,

ನಾನೂ ನಿನ್ನ ಉಪ್ಪನೂ ಕಾಸರಗೋಡಿಗೆ, ಆಸ್ಪತ್ರೆಗೆ ಹೊರಟೆವು. ಹೆದರಬೇಡ.

ನಿನ್ನ ಅಣ್ಣ ದುಬೈಯಿಂದ ನಮ್ಮಿಬ್ಬರಿಗೂ ತಂದ, ಎದೆಬಡಿತ ನೋಡುವ ಚಿಪ್ ಇರುವ ಉಂಗುರ ಉಂಟಲ್ಲ, "ಕೈಜಮ್ಮನ ಎದೆಬಡಿತ ಸರಿಯಿಲ್ಲ, ಡಾಕ್ಟರನ್ನು ಕಾಣಿ" ಅಂತ ಅದರಿಂದ ನನ್ನ ಹೆಸರಲ್ಲೇ ಬೆಳಿಗ್ಗೆಯಿಂದ ಫೋನಿಗೆ ಬರುತ್ತಾ ಉಂಟು. ನನಗಾದರೆ ಎಂತದೂ ಆಗುತ್ತಿಲ್ಲ. ಆಮೇಲೆ ನೆನಪಾಯಿತು. ನಿನ್ನೆ ನಮಾಜಿಗೆ ಕೈಕಾಲು ತೊಳೆಯುವಾಗ ಇಬ್ಬರೂ ಉಂಗುರ ತೆಗೆದು ನಳ್ಳಿಯ ಹತ್ತಿರ ಇಟ್ಟಿದ್ದೆವು. ಎರಡೂ ಒಂದೇ ತರ. ಯಾರದ್ದು ಯಾರು ಹಾಕಿಕೊಂಡೆವೋ ಅಲ್ಲಾಹನಿಗೇ ಗೊತ್ತು. "ನಿಮಗೆ ಎದೆ ನೋವು ಉಂಟಾ?" ಅಂತ ಕೇಳಿದರೆ ಉಪ್ಪ ಅಂಗಿ ಹುಡುಕಲು ಒಳಗೆ ಹೋದರು.

ಮೀನು ತೊಳೆದಿಟ್ಟಿದ್ದೇನೆ, ಬೆಕ್ಕು ಬಂದೀತು, ನೋಡಿಕೋ. ಇಬ್ಬರದ್ದೂ ಇಸಿಜಿ ಆಗುವವರೆಗೆ ಅಣ್ಣನಿಗೆ ಹೇಳಬೇಡ.

ಉಪ್ಪ ಅಂಗಿ ಹಾಕುತ್ತಾ, "ಆ ಕೆಟ್ಟ ಎದೆ ನನ್ನದೇ ಆಗಿರಲಿ ಮಾರಾಯ್ತಿ" ಅಂದರು. ಬಾಯಿ ಮುಚ್ಚಿ ಅಂದೆ. ಬೇರೆ ಎಂತ ಹೇಳಲಿ?

ಉಮ್ಮ