ತಟ್ಟದೇ ಬಿಟ್ಟ ಬಾಗಿಲು

ಅಪ್ಪಾ,

ಚುನಾವಣೆಯಲ್ಲಿ ಸೋತೆವು. ನೀನು ದುಡಿದ ಇಂಗ್ಲೆಂಡಿನ ಈ ಡರಮ್ ಗಣಿಯೂರು, ಕಾರ್ಮಿಕರ ಲೇಬರ್ ಬಿಟ್ಟು ಬೇರೆ ಪಕ್ಷವನ್ನೇ ಅರಿಯದ ಊರು, ನಮ್ಮ ಎದುರಾಳಿ ಟೋರಿ ಪಕ್ಷದವರನ್ನು ಗೆಲ್ಲಿಸಿತು. ಇದನ್ನು ನೋಡಲು ನೀನಿಲ್ಲದ್ದೇ ಒಳ್ಳೆಯದಾಯಿತು.

ಮೂರು ವಾರ ಚಳಿಯಲ್ಲಿ ಬೀದಿಯ ಪ್ರತಿ ಬಾಗಿಲನ್ನೂ ತಟ್ಟಿ, ಓಟು ಯಾರಿಗೆಂದು ಕೇಳಿ, ಮತದಾರರ ಪಟ್ಟಿಯಲ್ಲಿ ಗುರುತು ಹಾಕಿಕೊಂಡಿದ್ದೆ. ಪಟ್ಟಿಯಲ್ಲಿ ನಮ್ಮ ಮನೆಯ ಹೆಸರಿನ ಮುಂದೆ ಮಾತ್ರ ಕೇಳದೆಯೇ 'ನಮ್ಮವರು' ಎಂದು ಬರೆದಿದ್ದೆ. ನೀನೂ ಹಾಗೇ ಮಾಡುತ್ತಿದ್ದೆ.

ಬೆಳಿಗ್ಗೆ ಕಿಟಕಿಗೆ ಅಂಟಿಸಿದ್ದ ಲೇಬರ್‌ನ ಕೆಂಪು ಪೋಸ್ಟರ್ ಕೀಳುತ್ತಾ, "ಈ ಬೀದೀಲಿ ನಮಗೆ ಕೈಕೊಟ್ಟಿದ್ದು ಯಾರಮ್ಮಾ?" ಅಂದೆ. ಅಮ್ಮ ಚಹಾ ಬಗ್ಗಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ನಾನೂ ಟೋರಿಗಳಿಗೇ ಓಟ್ ಹಾಕ್ದೆ ಕಣೇ. ಇದೇನ್ ಮೊದಲ್ನೇ ಸಲ ಅಲ್ಲ. ನಿಮ್ಮಪ್ಪನೂ ಕೇಳ್ಲಿಲ್ಲ, ನೀನೂ ಕೇಳ್ಲಿಲ್ಲ."

ಯಾಕೆ ಎಂದು ಆಗಲಾದರೂ ಕೇಳಬೇಕಿತ್ತು. ಬೀದಿಗೆ ಗೊತ್ತಾಗಬಾರದೆಂದು ಪೋಸ್ಟರನ್ನು ಮತ್ತೆ ಅಂಟಿಸಿಬಿಟ್ಟೆ. ಇಷ್ಟು ವರ್ಷ ಅದರ ಹಿಂದೆ ಅವಳೊಬ್ಬಳೇ ಅಡಗಿದ್ದಳು. ಈಗ ನಾನೂ.