ವಯಸ್ಕ ಮಗಳ ಸಹಿ

ಅಮ್ಮನಿಗೆ,

ಇಪ್ಪತ್ತು ವರ್ಷದಿಂದ ಈ ಪದವನ್ನು ನಾನು ಯಾವ ಕಾಗದದ ಮೇಲೂ ಬರೆದಿಲ್ಲ. ಅರ್ಜಿಗಳಲ್ಲಿ ತಾಯಿಯ ಹೆಸರು ಕೇಳುವ ಕಡೆ ಒಂದು ಅಡ್ಡಗೆರೆ ಎಳೆದು ಮುಂದಕ್ಕೆ ಹೋಗುತ್ತಿದ್ದೆ, ಅದರಲ್ಲೊಂದು ಜಂಬವೂ ಇತ್ತು. ಈಗ ಆ ಗೆರೆಗಳೆಲ್ಲ ಚುಚ್ಚುತ್ತಿವೆ. ಅಕ್ಷರ ಕಾಗೆಕಾಲು ಗುಬ್ಬಿಕಾಲಾಗಿದೆ, ಸುಧಾರಿಸಿಕೊಂಡು ಓದು.

ಮೊದಲು ನನ್ನ ಕೆಲಸದ ವಿಷಯ ಹೇಳಿಬಿಡುತ್ತೇನೆ. ನಾನು ಕೋರ್ಟಿನ ಜಾರಿಕಾರಳಾಗಲು ತರಬೇತಿ ಪಡೆಯುತ್ತಿದ್ದೇನೆ. ಸಮನ್ಸು, ನೋಟಿಸುಗಳನ್ನು ಮನೆಮನೆಗೆ ಹೊತ್ತುಕೊಂಡು ಹೋಗಿ, ಸಂಬಂಧಪಟ್ಟವರ ಕೈಗೇ ಕೊಟ್ಟು, ಸಹಿ ಹಾಕಿಸಿಕೊಂಡು ಬರುವ ಕೆಲಸ. ಹತ್ತನೇ ತರಗತಿ ಪಾಸಾಗಿರಬೇಕು, ಗಾಡಿ ಓಡಿಸಲು ಬರಬೇಕು, ನಮ್ಮ ಮೇಲೆ ಪೊಲೀಸ್ ಕೇಸು ಇರಬಾರದು, ಕಣ್ಣು ಕಾಲು ಗಟ್ಟಿಯಾಗಿರಬೇಕು. ಆಮೇಲೆ ಎರಡು ತಿಂಗಳ ತರಬೇತಿ, ಕೊನೆಗೊಂದು ಪರೀಕ್ಷೆ. ಸಂದರ್ಶನದಲ್ಲಿ ಒಬ್ಬ ಅಧಿಕಾರಿ, "ಬಿಸಿಲಲ್ಲಿ ಅಲೆಯೋ ಕೆಲಸ, ಬಾಗಿಲಲ್ಲಿ ಬೈಸ್ಕೊಳ್ಳೋ ಕೆಲಸ. ಇದೇ ಯಾಕೆ ಬೇಕು ನಿನಗೆ?" ಎಂದು ಕೇಳಿದರು. "ನೋಟಿಸು ತಲುಪಿದ್ರೂ ಕೋರ್ಟಿಗೆ ಬರ್ದೇ ಇರೋರನ್ನ ಕಂಡ್ರೆ ನನಗಾಗಲ್ಲ ಸಾರ್," ಎಂದೆ. ಅವರು ಖುಷಿಯಾಗಿ ಏನೋ ಬರೆದುಕೊಂಡರು. ನಾನು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಮಾತು ಹೇಳಿದೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೋರ್ಟಿನ ಹಿಂಭಾಗದಲ್ಲಿ ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಒಂದು ಉದ್ದನೆಯ ಕೋಣೆ ಇದೆ, ಅಲ್ಲೇ ನಮ್ಮ ಪಾಠ. ನಾವು ಹನ್ನೊಂದು ಜನ. ಕಲಿಸುವವರು ಮೂವತ್ತು ವರ್ಷ ಇದೇ ಕೆಲಸ ಮಾಡಿ ನಿವೃತ್ತರಾದ ಹಿರಿಯರು, ಎಲ್ಲರಿಗೂ ಅವರು ಮೇಷ್ಟ್ರು. ಒಬ್ಬರು ಮನೆಯವರಾಗಬೇಕು, ಇನ್ನೊಬ್ಬರು ನೋಟಿಸು ಕೊಡಬೇಕು, ಹೀಗೆ ದಿನಾ ಅಭ್ಯಾಸ. ನಮ್ಮಲ್ಲೊಬ್ಬ ಹಿಂದೆ ಬಸ್ ಕಂಡಕ್ಟರ್ ಆಗಿದ್ದವನು. ಅವನು ಬೀರುವಿನ ಹಿಂದೆ ಅವಿತುಕೊಂಡು, "ಅವ್ರು ಮನೇಲಿಲ್ಲ!" ಎಂದು ಕೂಗುತ್ತಾನೆ. "ಹಾಗಂತ ಯಾರು ಹೇಳಿದ್ದು?" ಎಂದು ಕೇಳಿದರೆ, "ಅವ್ರೇ ಹೇಳಿದ್ದು!" ಎನ್ನುತ್ತಾನೆ. ನಗದೆ ನಿಂತವರು ಪಾಸು.

ಮೇಷ್ಟ್ರು ದಿನಕ್ಕೆ ಹತ್ತು ಸಲ ಹೇಳಿಸುವ ಒಂದು ನಿಯಮವಿದೆ. ನೋಟಿಸು ಯಾರ ಹೆಸರಿಗಿದೆಯೋ ಅವರ ಕೈಗೇ ಕೊಡಬೇಕು. ಅವರು ಸಿಗಲೇ ಇಲ್ಲವೆಂದರೆ ಜೊತೆಯಲ್ಲಿ ವಾಸವಾಗಿರುವ ವಯಸ್ಕರೊಬ್ಬರಿಗೆ ಕೊಡಬಹುದು, ಮಕ್ಕಳ ಕೈಗೆ ಮಾತ್ರ ಸುತರಾಂ ಕೊಡಕೂಡದು. ಎಲ್ಲಿ ಕೊಟ್ಟೆ, ಎಷ್ಟು ಹೊತ್ತಿಗೆ ಕೊಟ್ಟೆ, ಯಾರಿಗೆ ಕೊಟ್ಟೆ ಎಂದು ಪ್ರಮಾಣ ಮಾಡಿ ವರದಿ ಬರೆಯಬೇಕು. ಎದುರಿನ ಕಕ್ಷಿ ಬರದಿದ್ದರೆ ನ್ಯಾಯಾಧೀಶರು ನೋಡುವುದು ಆ ವರದಿಯನ್ನೇ. ತಲುಪಿದೆ ಎಂದು ಅದರಲ್ಲಿದ್ದರೆ, ಬರದವರ ಮಾತು ಕೇಳದೆಯೇ ತೀರ್ಪು ಆಗಿಹೋಗುತ್ತದೆ.

ಮೊನ್ನೆ ಮಂಗಳವಾರ ತಪ್ಪು ವರದಿಗಳ ಪಾಠ. ಮೇಷ್ಟ್ರು ತಮ್ಮ ಹಳೆಯ ಚೀಲದಿಂದ ಒಂದು ನಕಲು ಪ್ರತಿ ತೆಗೆದರು. "ಇದು ನಾನೇ ಮಾಡಿದ ತಪ್ಪು. ಪ್ರತಿ ತಂಡಕ್ಕೂ ತೋರಿಸ್ತೀನಿ, ನಾಚಿಕೆ ಬಿಟ್ಟು," ಎಂದು ಶುರು ಮಾಡಿದರು. ಅವತ್ತು ಅವರ ಕೈಯಲ್ಲಿ ಇನ್ನೂ ಏಳು ನೋಟಿಸು ಉಳಿದಿತ್ತಂತೆ, ಬೂಟು ಕಚ್ಚಿ ಕಾಲು ಬೊಬ್ಬೆ ಎದ್ದಿತ್ತಂತೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮನೆ, ಇಪ್ಪತ್ತೆರಡು ಮೆಟ್ಟಿಲು. ಎರಡು ಸಲ ಹತ್ತಿಳಿದಾಗಲೂ ಬೀಗ. ಮೂರನೇ ಸಲ ಬಾಗಿಲು ತೆರೆದದ್ದು ಒಂಬತ್ತು ವರ್ಷದ ಹುಡುಗಿ. "ಇನ್ನೊಂದು ಸಲ ಯಾರು ಹತ್ತುತ್ತಾರೆ ಅಂತ ಅವಳ ಹತ್ರಾನೇ ಸಹಿ ಹಾಕಿಸ್ಕೊಂಡೆ. ವರದೀಲಿ ಏನು ಬರೆದೆ ಗೊತ್ತಾ? ವಯಸ್ಕ ಮಗಳು!" ಎಂದು ಹಣೆ ಚಚ್ಚಿಕೊಂಡರು. ಎಲ್ಲರೂ ಗೊಳ್ಳೆಂದು ನಕ್ಕರು. ಕಂಡಕ್ಟರ್, "ಅರ್ಧ ಟಿಕೆಟ್ಟಿಗೆ ಪೂರ್ತಿ ಟಿಕೆಟ್ ಹರಿದ್ರಿ ಬಿಡಿ ಮೇಷ್ಟ್ರೇ!" ಎಂದ. ಅಮ್ಮ, ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಸೈಕಲ್ ಅಂಗಡಿ, ಮೆಟ್ಟಿಲು ಎಲ್ಲ ಕಿವಿಗೆ ಬಿದ್ದರೂ ಅದು ನಮ್ಮ ಮನೆ ಎಂದು ಹೊಳೆಯಲೇ ಇಲ್ಲ.

ಆ ಹಾಳೆ ಬೆಂಚಿನಿಂದ ಬೆಂಚಿಗೆ ಬಂತು. ಹೆಸರುಗಳಿಗೆಲ್ಲ ಕಪ್ಪು ಮಸಿ ಬಳಿದಿದ್ದರು, ಸಹಿ ಮಾತ್ರ ಹಾಗೇ ಇತ್ತು. ದೊಡ್ಡದೊಂದು ಮೊದಲಕ್ಷರ, ಅದರಡಿ ಮೂರು ಸುತ್ತು ಸುತ್ತಿದ ಬಾಲ, ಬಾಲದ ತುದಿಯಲ್ಲಿ ಎರಡು ಪುಟ್ಟ ಕಣ್ಣು. ಮೂರನೇ ತರಗತಿಯ ನೋಟ್ ಪುಸ್ತಕಗಳ ಹಿಂಬದಿಯಲ್ಲೆಲ್ಲ ನಾನು ಅದನ್ನೇ ಬರೆಯುತ್ತಿದ್ದೆನಲ್ಲ, ಹಾಳೆ ದಂಡ ಮಾಡುತ್ತೀಯ ಎಂದು ನೀನು ಬೈಯುತ್ತಿದ್ದೆಯಲ್ಲ. ಕಣ್ಣುಗಳನ್ನು ಬಿಟ್ಟರೆ ಈಗಲೂ ನಾನು ಹಾಕುವುದು ಅದೇ ಸಹಿ. ಇದೇ ತರಬೇತಿಯ ಅರ್ಜಿಯ ಮೇಲೂ ಅದನ್ನೇ ಹಾಕಿದ್ದೇನೆ. ಪಕ್ಕದವಳು ಹಾಳೆ ಕೊಡು ಎಂದು ಕೈ ಚಾಚಿದಳು, ನನ್ನ ಬೆರಳು ಬಿಡಲಿಲ್ಲ. ಅವಳು ಎಳೆದುಕೊಂಡಳು. ಸುತ್ತ ಇನ್ನೂ ನಗುತ್ತಿದ್ದರು. ನನಗೆ ಯಾರ ದನಿಯೂ ಕೇಳುತ್ತಿರಲಿಲ್ಲ.

ಆಮೇಲೆ ಒಂದೊಂದೇ ನೆನಪಾಗಿ ಬಂತು. ನೀನು ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೋಣೆಗೆ ಹೋಗಿದ್ದೆ, ಬರುವುದು ಐದಕ್ಕೆ. ಒಬ್ಬಳೇ ಇದ್ದಾಗ ಯಾರೇ ಬಂದರೂ ಬಾಗಿಲು ತೆಗೆಯಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದ್ದೆ. ನಾನು ತೆಗೆದೆ. ಬೂಟಿನ ಮನುಷ್ಯ, "ಸಹಿ ಮಾಡೋಕೆ ಬರುತ್ತಾ ಪುಟ್ಟಿ?" ಎಂದು ಕೇಳಿದ. ಲೋಕದಲ್ಲಿ ಅದುವರೆಗೆ ಯಾರೂ ನನ್ನ ಸಹಿ ಕೇಳಿರಲಿಲ್ಲ. ಹೊಸ್ತಿಲ ಮೇಲೆ ಕೂತು, ನಾಲಗೆ ಹೊರಗೆ ಚಾಚಿಕೊಂಡು, ಬಾಲ ಕಣ್ಣು ಒಂದನ್ನೂ ಬಿಡದೆ ಹಾಕಿಕೊಟ್ಟೆ. "ಅಮ್ಮ ಬಂದ ತಕ್ಷಣ ಕೊಡು," ಎಂದು ಹೇಳಿ ಅವನು ಇಳಿದು ಹೋದ. ಆಗ ನನಗೆ ಭಯ ಹತ್ತಿತು. ಕಾಗದ ಕೊಟ್ಟರೆ ಬಾಗಿಲು ತೆಗೆದದ್ದು ಗೊತ್ತಾಗುತ್ತದೆ. ಡಬ್ಬಿಗಳ ಕೆಳಗೆ ಹಾಸಿದ್ದ ಪೇಪರಿನ ಅಡಿಗೆ ಅದನ್ನು ತಳ್ಳಿಬಿಟ್ಟೆ. ಒಂದೆರಡು ದಿನ ಡಬ್ಬಿಗೆ ನೀನು ಕೈಹಾಕಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಆಮೇಲೆ ಮರೆತೇಹೋಯಿತು. ಆಣೆ ಮಾಡಿ ಹೇಳುತ್ತೇನೆ, ಪೂರ್ತಿ ಮರೆತೇಹೋಯಿತು.

ಬೇರೆ ಮನೆ ಮಾಡಿದ್ದ ಅಪ್ಪ ನನ್ನನ್ನು ಕರೆದೊಯ್ಯಲು ಬಂದ ದಿನವೂ ಅದು ನೆನಪಾಗಲಿಲ್ಲ. ಅವನ ಜೊತೆ ಕೋರ್ಟಿನವರೊಬ್ಬರು ಬಂದಿದ್ದರು, ಮಗು ತಂದೆಯ ಹತ್ತಿರ ಇರತಕ್ಕದ್ದು ಎಂಬ ತೀರ್ಪಿನ ಹಾಳೆ ಅವರ ಕೈಯಲ್ಲಿತ್ತು. ನೀನು, "ನನಗೊಂದು ಕಾಗದಾನೂ ಬಂದಿಲ್ಲ, ನನಗೇನೂ ಗೊತ್ತಿಲ್ಲ," ಎಂದು ಅದೊಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದೆ. "ಮನೇಲಿ ಇಸ್ಕೊಂಡು ಸಹಿ ಹಾಕಿದಾರೆ, ವರದಿ ಇದೆ," ಎಂದ ಅಪ್ಪ. ನಾನು ಶಾಲೆಯ ಚೀಲ ತಬ್ಬಿಕೊಂಡು ನಿಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದೆ. ಒಂದು ಮಾತು ನನ್ನ ಬಾಯಿಂದ ಬಂದಿದ್ದರೆ ಅಲ್ಲೇ ಎಲ್ಲ ನಿಲ್ಲುತ್ತಿತ್ತು. ಅವನ ಮನೆಯಲ್ಲಿ ನಿನ್ನ ಮಾತು ಬಂದಾಗಲೆಲ್ಲ ಅಪ್ಪ, "ನಿನಗೋಸ್ಕರ ಕೋರ್ಟಿನ ಮೆಟ್ಲು ಕೂಡ ಹತ್ಲಿಲ್ಲ ಅವಳು," ಎನ್ನುತ್ತಿದ್ದ. ಅವನೇನೂ ಸುಳ್ಳು ಹೇಳಲಿಲ್ಲ, ತಾನು ನಂಬಿದ್ದನ್ನೇ ಹೇಳಿದ. ನಾನೂ ನಂಬಿದೆ.

ಮೊನ್ನೆ ಎಲ್ಲರೂ ಎದ್ದುಹೋದ ಮೇಲೆ ಮೇಷ್ಟ್ರ ಮುಂದೆ ಹೋಗಿ ನಿಂತೆ. ಅವರ ಪೆನ್ನು ತೆಗೆದುಕೊಂಡು ಆ ಹಾಳೆಯ ಅಂಚಿನಲ್ಲಿ ನನ್ನ ಸಹಿ ಹಾಕಿದೆ, ಕಣ್ಣುಗಳ ಸಮೇತ. ಅವರು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ನನ್ನನ್ನು ನೋಡಿದರು. ಮುರಿದ ಕುರ್ಚಿಗಳಲ್ಲೇ ಒಂದನ್ನು ಎಳೆದು ಕುಕ್ಕರಿಸಿಬಿಟ್ಟರು. ಅವರಿಗೆ ಬಾಯಿಗೆ ಬಂದದ್ದು ಅನ್ನಬೇಕೆಂದು ಹೋಗಿದ್ದೆ ಅಮ್ಮ. ಆದರೆ ಅವರು ತರಗತಿಯಲ್ಲಿ ಯಾವತ್ತೂ ಹೇಳದ ಉಳಿದ ಕತೆಯನ್ನು ಹೇಳಿದರು.

ನೀನು ಕೋರ್ಟಿಗೆ ಹೋಗಿದ್ದೆ! ಅಪ್ಪ ನನ್ನನ್ನು ಕರೆದುಕೊಂಡು ಹೋದ ಮೂರನೇ ದಿನವೇ ವಕೀಲರೊಬ್ಬರ ಜೊತೆ ಹೋಗಿ, ಫೈಲು ತೆಗೆಸಿ, ಆ ಸಹಿ ನೋಡಿದ್ದೆ. ಗುಮಾಸ್ತರು ಮೇಷ್ಟ್ರನ್ನೂ ಕರೆಸಿದ್ದರು, ಕೆಲಸ ಹೋಯಿತೆಂದು ಅವರು ಬೆವರುತ್ತಾ ನಿಂತಿದ್ದರು. ವಕೀಲರು, "ಹುಡುಗೀನ ಕಟಕಟೇಲಿ ನಿಲ್ಲಿಸೋಣ, ಬೇರೆ ದಾರಿ ಇಲ್ಲ. ಸಹಿ ನಂದೇ, ಕಾಗದ ಅಮ್ಮನಿಗೆ ಕೊಡ್ಲಿಲ್ಲ ಅಂತ ಹೇಳಿದ್ರೆ ಸಾಕು, ಈ ತೀರ್ಪು ಬಿದ್ದುಹೋಗುತ್ತೆ," ಎಂದರಂತೆ. ನೀನು ಬಹಳ ಹೊತ್ತು ಆ ಸಹಿಯನ್ನೇ ನೋಡಿದೆಯಂತೆ. "ಬೇಡ ಸಾರ್. ತನ್ನ ಕೈಯಿಂದ್ಲೇ ಹೀಗಾಯ್ತು ಅಂತ ಗೊತ್ತಾದ್ರೆ ಮಗು ಜೀವಮಾನವೆಲ್ಲ ಕೊರಗುತ್ತೆ. ಬೇಕಾದ್ರೆ ನನ್ನ ಮೇಲೇ ಸಿಟ್ಟು ಮಾಡ್ಕೊಳ್ಳಲಿ," ಎಂದೆಯಂತೆ. ಹೊರಡುವಾಗ ಮೇಷ್ಟ್ರ ಕಡೆ ತಿರುಗಿ, "ಬಾಗಿಲು ತೆಗೆದಾಗ ಹೆದರಿದ್ಲಾ?" ಎಂದು ಕೇಳಿದೆಯಂತೆ. "ಇಲ್ಲಮ್ಮ, ಆರಾಮಾಗಿ ಕೂತ್ಕೊಂಡು ಬರೆದ್ಲು," ಎಂದದ್ದಕ್ಕೆ ಒಂದು ಸಲ ನಕ್ಕು ಹೋದೆಯಂತೆ. ಇದನ್ನು ಹೇಳುವಾಗ ಆ ಮುದುಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ನನಗೆ ನಿನ್ನ ಮೇಲೆ ಸಿಟ್ಟೂ ಬಂದಿದೆ, ಮುಚ್ಚಿಡುವುದಿಲ್ಲ. ಹಾಗೆ ಮಾಡು ಎಂದು ನಿನಗೆ ಯಾರು ಹೇಳಿದರು? ಒಂದು ಮಾತು ಹೇಳಿದ್ದರೆ ನಾನೇನು ಸತ್ತುಹೋಗುತ್ತಿದ್ದೆನೆ? ಎರಡು ದಿನ ಅತ್ತು, ಮೂರನೇ ದಿನ ನಿನ್ನ ಸೆರಗು ಹಿಡಿದುಕೊಂಡು ಓಡಾಡುತ್ತಿದ್ದೆ. ನನಗೆ ಹದಿನೆಂಟಾದಾಗ ನೀನು ಕಾಲೇಜಿನ ಗೇಟಿನ ಹತ್ತಿರ ಬಂದು ನಿಂತಿದ್ದೆ. "ಕೋರ್ಟಿಗೇ ಬರ್ದೇ ಇದ್ದೋರು ಇಲ್ಲಿಗ್ಯಾಕೆ ಬಂದ್ರಿ?" ಎಂದು ನಾನು ಗೆಳತಿಯರ ಮುಂದೆ ಕೇಳಿದೆ, ಹೆತ್ತವಳಿಗೆ ಪರರಿಗೆ ಕೊಡುವ ಬಹುವಚನ ಕೊಟ್ಟು. ಆಗಲಾದರೂ ಹೇಳಬಹುದಿತ್ತು. ನೀನು ನನ್ನ ಕಾಲು ನೋಡಿದೆ. "ಚಪ್ಪಲಿ ಸವೆದಿದೆ ನಿಂದು, ಬೇರೆ ತಗೋ," ಎಂದಷ್ಟೇ ಹೇಳಿ ಹೊರಟೆ. ನನ್ನ ತಪ್ಪನ್ನು ನಿನ್ನ ತಲೆ ಮೇಲೆ ಹೊತ್ತುಕೊಂಡು, ಅದೇ ತಪ್ಪಿಗೆ ನನ್ನಿಂದಲೇ ಬೈಸಿಕೊಂಡು ಹೋದೆ.

ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ನಿನ್ನೆ ಮೇಷ್ಟ್ರು ತಮ್ಮ ಕೈಯಾರೆ ಬರೆದು ಸಹಿ ಮಾಡಿದ್ದು. ಮನೆಯಲ್ಲಿ ಇದ್ದವಳು ಒಂಬತ್ತು ವರ್ಷದ ಮಗು, ನೋಟಿಸು ತಾಯಿಗೆ ತಲುಪಿರುವುದಿಲ್ಲ, ಎಂದು ಅದರಲ್ಲಿದೆ. ಇನ್ನು ಇದನ್ನು ಯಾವ ಕೋರ್ಟೂ ಕೇಳುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಬರೆಸಿಕೊಂಡೆ. ಅಪ್ಪನಿಗೂ ಓದಿ ಹೇಳಿದೆ. ಅವನು ಎದ್ದು ಒಳಗೆ ಹೋದವನು ಸಂಜೆವರೆಗೂ ಹೊರಗೆ ಬರಲಿಲ್ಲ.

ಅಮ್ಮ, ನೀನು ಕಳಿಸಿದ ಪತ್ರಗಳನ್ನು ನಾನು ಒಂದನ್ನೂ ತೆಗೆದುಕೊಳ್ಳಲಿಲ್ಲ. ಪ್ರತಿಯೊಂದರ ಮೇಲೂ ಅಂಚೆಯವರಿಂದ ‘ನಿರಾಕರಿಸಿದ್ದಾರೆ’ ಎಂದು ಬರೆಸಿ ವಾಪಸು ಕಳಿಸಿದೆ. ಆದರೆ ಹಿಂಬದಿಯಲ್ಲಿದ್ದ ನಿನ್ನ ವಿಳಾಸ ಬಾಯಿಪಾಠವಾಗಿಬಿಟ್ಟಿದೆ, ಹೇಗೋ ಗೊತ್ತಿಲ್ಲ. ಭಾನುವಾರ ಬೆಳಿಗ್ಗೆ ನಾನೇ ಬಂದು ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆ. ನೀನು ಇದನ್ನು ಓದುತ್ತಿರುವ ಹೊತ್ತಿಗೆ ಕೊಟ್ಟಾಗಿದೆ. ಕಾಗದ ಕೈಗೆ ಸೇರಿದ ತಕ್ಷಣ ಹೊರಟುಬಿಡಬೇಕು, ಓದುವವರ ಮುಖ ನೋಡುತ್ತಾ ನಿಲ್ಲಬಾರದು ಎಂದು ನಮಗೆ ಕಲಿಸಿದ್ದಾರೆ, ಪರೀಕ್ಷೆಯಲ್ಲಿ ಅದಕ್ಕೂ ಅಂಕವಿದೆ. ನಾನು ಹೊರಟಿಲ್ಲ. ಹೊರಗೆ ನಿಂತಿದ್ದೇನೆ. ನೀನು ಬೈದರೂ, ಏನೂ ಹೇಳದಿದ್ದರೂ, ಇವತ್ತು ನಾನು ಇಲ್ಲಿಂದ ಹೋಗುವುದಿಲ್ಲ.

ನೀನು ನೂರು ಕಾಲ ನನ್ನ ಕಣ್ಣೆದುರಿಗೇ ಇರು.

ಇಂತಿ,
ನಿನ್ನ ಮಗಳು